ಬ್ರಾಕೆಟ್ಟಿನೊಳಗಿನ ಕಿಲೋಮೀಟರು

2023ರ ಗಣೇಶನ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಆದಿತ್ಯ-ಎಲ್1 ಶ್ರೀಹರಿಕೋಟಾದಿಂದ ಹಾರಿ ಎರಡು ವಾರ ಕಳೆದಿತ್ತು. ಅಪ್ಪ ಜಗಲಿ ಮೇಲೆ ಕೂತು ಪೇಪರ್ ಓದ್ತಾ ಇದ್ದವರು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿ ಕೇಳಿದರು.

"ಅಲ್ಲ ಕಣೋ, ಅಷ್ಟು ಹತ್ತಿರ ಹೋದ್ರೆ ಅದು ಸುಟ್ಟು ಹೋಗಲ್ವೇನೋ?"

"ಎಲ್ಲಿ ಹತ್ತಿರ ಹೋಗುತ್ತಪ್ಪ? ಇಲ್ಲಿಂದ 15 ಲಕ್ಷ ಕಿಲೋಮೀಟರ್ ಹೋಗಿ ನಿಂತ್ಕೊಳ್ಳುತ್ತೆ ಅಷ್ಟೇ."

"15 ಲಕ್ಷ ಅಂದ್ರೆ ಕಮ್ಮಿ ಏನೋ?"

ನಾನು ಎಂಜಿನಿಯರ್ ಅಲ್ವಾ, ಶುರು ಹಚ್ಕೊಂಡೆ. ಲಗ್ರಾಂಜ್ ಬಿಂದು ಅಂದ್ರೆ ಏನು, ಭೂಮಿಯ ಸೆಳೆತ, ಸೂರ್ಯನ ಸೆಳೆತ, ಎರಡೂ ಸೇರಿ ನೌಕೆ ಭೂಮಿಯ ಜೊತೆಜೊತೆಗೇ ಹೇಗೆ ಸುತ್ತುತ್ತೆ, ಎಲ್ಲಾ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಅದಿರ್ಲಿ, ಸೂರ್ಯ ಎಷ್ಟು ದೂರ?" ಅಂದರು. 15 ಕೋಟಿ ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಓ, ಜೇಬಲ್ಲಿ 15 ಲಕ್ಷ ಇಟ್ಕಂಡು 15 ಕೋಟಿ ಜಮೀನು ವ್ಯಾಪಾರಕ್ಕೆ ಹೋದಂಗೆ" ಅಂದರು. ಮತ್ತೆ ಪೇಪರ್ ಒಳಗೆ ಹೋದರು.

ಹತ್ತು ನಿಮಿಷದಲ್ಲಿ ನಾನು ಹೇಳಲಾಗದೆ ಹೋದದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದರು. ಆಮೇಲೆ ಆ ಪೇಪರ್ ತಗೊಂಡು ನಾನೂ ಓದಿದೆ. 'ಸೂರ್ಯನ ಅಂಗಳಕ್ಕೆ' ಅಂತ ದಪ್ಪಕ್ಷರದ ಶೀರ್ಷಿಕೆ. ಪಕ್ಕದಲ್ಲಿ ಉರಿಯುವ ಗೋಲಕ್ಕೆ ಮೂಗು ತಾಗಿಸಿಕೊಂಡು ನಿಂತ ನೌಕೆಯ ಚಿತ್ರ. 15 ಲಕ್ಷ ಕಿ.ಮೀ. ಅನ್ನೋದು ಮೊದಲ ಪ್ಯಾರಾದಲ್ಲಿದೆ. 15 ಕೋಟಿ ಕಿ.ಮೀ. ಅನ್ನೋದು ಕೆಳಗಡೆ 'ನಿಮಗಿದು ಗೊತ್ತೇ' ಬಾಕ್ಸಿನಲ್ಲಿದೆ. ಎರಡೂ ಸರಿಯಾದ ಅಂಕಿಗಳೇ, ಆದರೆ ಒಂದೇ ವಾಕ್ಯದಲ್ಲಿ ಎಲ್ಲೂ ಸೇರಿಲ್ಲ. ಎಲ್1 ಇರೋದು ಭೂಮಿ-ಸೂರ್ಯರ ನಡುವಿನ ದೂರದ ಸುಮಾರು ಶೇ. 1ರಷ್ಟರಲ್ಲಿ ಅಂತ ಇಸ್ರೋ ತನ್ನ ವಿವರಣೆಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಓದುಗರಿಗೆ ಬೇಕಾಗಿದ್ದದ್ದು ಆ ಒಂದೇ ಒಂದು ಮಾತು. ಪೇಪರಿನವರು ಅದನ್ನು ಬಿಟ್ಟು ಕಿಲೋಮೀಟರನ್ನು ಹಿಡಿದುಕೊಂಡಿದ್ದರು.

ನಿಮಗೆ ಬೇಕಾದರೆ ಹೀಗೆ ನೋಡಿ. ಮೆಜೆಸ್ಟಿಕ್‌ನಿಂದ ತಿಪಟೂರು ಕಡೆಯ ನಮ್ಮೂರಿಗೆ ಹೆಚ್ಚುಕಮ್ಮಿ 150 ಕಿಲೋಮೀಟರ್. ಮೆಜೆಸ್ಟಿಕ್ಕೇ ಭೂಮಿ, ನಮ್ಮೂರೇ ಸೂರ್ಯ ಅಂದುಕೊಂಡರೆ, ಆದಿತ್ಯ ಬಸ್ಸು ಹತ್ತಿ ಒಂದೂವರೆ ಕಿಲೋಮೀಟರ್ ಬಂದು ಇಳಿದುಬಿಟ್ಟಿದೆ. ಯಶವಂತಪುರದ ಬೋರ್ಡು ಕೂಡ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಹಾಗಂತ ಅದರ ಕೆಲಸ ಸಣ್ಣದು ಅಂತಲ್ಲ. ಗ್ರಹಣದ ಅಡ್ಡಿಯಿಲ್ಲದೆ ಹಗಲೂ ರಾತ್ರಿ ಸೂರ್ಯನನ್ನೇ ನೋಡುತ್ತಾ ಇರಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ 'ಅಂಗಳ'?

ಆವತ್ತಿನಿಂದ ಕನ್ನಡದ ಪೇಪರು, ವೆಬ್‌ಸೈಟುಗಳಲ್ಲಿ ಬರುವ ಆಕಾಶದ ಸುದ್ದಿಗಳಲ್ಲಿ ಈ ಬ್ರಾಕೆಟ್ಟನ್ನು ನೋಡುತ್ತಾ ಬಂದಿದ್ದೇನೆ. ಜ್ಯೋತಿರ್ವರ್ಷ ಅಂತ ಬಂತು ಅಂದರೆ ಹಿಂದೆಯೇ ಒಂದು ಬ್ರಾಕೆಟ್, ಬ್ರಾಕೆಟ್ಟಿನೊಳಗೆ ಕಿಲೋಮೀಟರ್. ಇದು ನಮ್ಮವರೇ ಕಂಡುಹಿಡಿದ ಚಟವೇನಲ್ಲ. 2017ರ ಫೆಬ್ರುವರಿಯಲ್ಲಿ ಟ್ರಾಪಿಸ್ಟ್-1 ಅನ್ನೋ ಪುಟ್ಟ ನಕ್ಷತ್ರದ ಸುತ್ತ ಭೂಮಿಯಷ್ಟೇ ಗಾತ್ರದ ಏಳು ಗ್ರಹಗಳಿವೆ ಅಂತ ಸುದ್ದಿ ಬಂತಲ್ಲ, ಆಗ ನಾಸಾದ ಪ್ರಕಟಣೆಯೇ ದೂರವನ್ನು 'ಸುಮಾರು 40 ಜ್ಯೋತಿರ್ವರ್ಷ' ಅಂತ ಬರೆದು ಬ್ರಾಕೆಟ್ಟಿನಲ್ಲಿ 235 ಟ್ರಿಲಿಯನ್ ಮೈಲಿ ಅಂತ ಸೇರಿಸಿತ್ತು. ಅದು ಅಮೆರಿಕದ ಓದುಗರಿಗೆ. ನಮ್ಮ ಡೆಸ್ಕಿಗೆ ಬರುವಷ್ಟರಲ್ಲಿ ಮೈಲಿ ಹೋಗಿ ಕಿಲೋಮೀಟರ್ ಆಗಬೇಕು, ಟ್ರಿಲಿಯನ್ ಹೋಗಿ ಲಕ್ಷ ಕೋಟಿ ಆಗಬೇಕು. 235ನ್ನು 1.609ರಿಂದ ಗುಣಿಸಿದರೆ 378 ಚಿಲ್ಲರೆ. ಹಾಗಾಗಿ 378.1 ಲಕ್ಷ ಕೋಟಿ ಕಿ.ಮೀ.!

ಇಲ್ಲಿ ಏನಾಯ್ತು ಅಂತ ಕೋಡ್ ರಿವ್ಯೂ ಮಾಡೋರ ಹಾಗೆ ನೋಡಬೇಕು. ಮೂಲದಲ್ಲಿ ಇದ್ದದ್ದು 'ಸುಮಾರು 40'. ಅಂದರೆ ಒಂದು ಆಚೆ ಒಂದು ಈಚೆ ಅಂತ ವಿಜ್ಞಾನಿಗಳೇ ಕೈ ಬಿಡಿಸಿ ಹೇಳಿದ ಅಂಕಿ. (ಆಮೇಲಿನ ಅಳತೆಗಳಲ್ಲಿ ಅದು 41ರ ಹತ್ತಿರ ಹೋಗಿದೆ.) ಎರಡು ಸಲ ಗುಣಿಸಿದ ಮೇಲೆ 'ಸುಮಾರು' ಬಿದ್ದುಹೋಗಿ ದಶಮಾಂಶ ಬಂದು ಕೂತಿತು. ಒಂದು ಜ್ಯೋತಿರ್ವರ್ಷದ ವ್ಯತ್ಯಾಸ ಅಂದರೇನೇ ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರ್. ಅಷ್ಟು ಅನುಮಾನ ಇರುವ ಕಡೆ ಆ '.1' ಏನು ಮಾಡ್ತಾ ಇದೆ? ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದರೆ ಮರ್ಜ್ ಮಾಡೋಕೆ ಬಿಡ್ತೀವಾ?

ಇನ್ನು ಲಕ್ಷ ಕೋಟಿ. ನಮ್ಮಲ್ಲಿ ಲಕ್ಷ ಕೋಟಿ ಅನ್ನೋ ಮಾತು ಬರೋದು ಬಜೆಟ್ ದಿನ ಮಾತ್ರ. ಅದು ದೂರದ ಅಂಕಿಯೇ ಅಲ್ಲ, ಹಣಕಾಸು ಮಂತ್ರಿಗಳ ಅಂಕಿ. ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ, ಅಂದರೆ 40 ಲಕ್ಷ ಕೋಟಿ ಕಿ.ಮೀ. ಕೇಂದ್ರ ಸರ್ಕಾರದ 2023-24ರ ಬಜೆಟ್ 45 ಲಕ್ಷ ಕೋಟಿ ರೂಪಾಯಿ. ಕಿಲೋಮೀಟರಿಗೆ ಒಂದು ರೂಪಾಯಿ ಟಿಕೆಟ್ ಇಟ್ಟರೆ ದೇಶದ ಒಂದು ವರ್ಷದ ಬಜೆಟ್ಟಿನಲ್ಲಿ ಒಬ್ಬರನ್ನು ಅಲ್ಲಿಗೆ ಕಳಿಸಬಹುದು, ಒನ್ ವೇ. ತಮಾಷೆಯಾಗಿದೆ, ಆದರೆ ದೂರ ಎಷ್ಟು ಅಂತ ಈಗಲೂ ಗೊತ್ತಾಗಲಿಲ್ಲ.

ಬ್ರಾಕೆಟ್ಟಿನ ಹಿಂದೆ ಒಂದು ನಂಬಿಕೆ ಇದೆ: ಜ್ಯೋತಿರ್ವರ್ಷ ಅನ್ನೋದು ಪಂಡಿತರ ಮಾತು, ಕಿಲೋಮೀಟರ್ ಅನ್ನೋದು ಜನಸಾಮಾನ್ಯರ ಮಾತು. ನನ್ನ ತಕರಾರು ಇರೋದೇ ಇಲ್ಲಿ. ನಮ್ಮೂರಿನಲ್ಲಿ ಈಗಲೂ ದೂರ ಹೇಳೋದು ಹೇಗೆ? ತೋಟದ ಮನೆ ಎಷ್ಟು ದೂರ ಅಂದರೆ 'ಕೂಗಳತೆ'. ಅಂದರೆ ಇಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳಿಸುವಷ್ಟು. ಪಕ್ಕದ ಹಳ್ಳಿ ಅಂದರೆ 'ಒಂದು ಎಲೆ-ಅಡಿಕೆ ಹಾಕ್ಕಂಡು ಉಗಿಯೋಷ್ಟ್ರಲ್ಲಿ ಸಿಕ್ತದೆ'. ಬೆಂಗಳೂರಿಗೆ ಬಂದ ಮೇಲಾದರೂ ನಾನು ಬದಲಾದೆನಾ? ಸಿಲ್ಕ್ ಬೋರ್ಡಿನಿಂದ ಹೆಬ್ಬಾಳ ಎಷ್ಟು ದೂರ ಅಂತ ಕೇಳಿದರೆ ಯಾರೂ ಕಿಲೋಮೀಟರ್ ಹೇಳೋದಿಲ್ಲ. "ಈಗ ಹೊರಟರೆ ಎರಡು ಗಂಟೆ, ಹತ್ತು ಗಂಟೆ ಮೇಲೆ ಹೊರಟರೆ ಮುಕ್ಕಾಲು ಗಂಟೆ." ಊರಿಗೆ ಹೋಗೋದು ಮೂರು ಗಂಟೆ ದಾರಿ. ಮುಂಬೈ ಅಂದರೆ ಒಂದು ರಾತ್ರಿ. ಕ್ಯಾಲಿಫೋರ್ನಿಯಾದ ಕ್ಲೈಂಟ್ ಆಫೀಸು ಅಂದರೆ ಒಂದು ದಿನ ಮತ್ತು ಎರಡು ಏರ್‌ಪೋರ್ಟು. ಕಿಲೋಮೀಟರ್ ನಮಗೆ ಬೇಕಾಗೋದು ಆಟೋ ಮೀಟರಿಗೆ, ಸ್ಕೂಟರಿನ ಮೈಲೇಜಿಗೆ. ದೂರ ಹೆಚ್ಚಾದ ಕೂಡಲೇ ಹಳ್ಳಿಯವರೂ ಪೇಟೆಯವರೂ ಅದನ್ನು ಬಿಟ್ಟು ಹೊತ್ತಿಗೆ ಬರುತ್ತೇವೆ.

ಜ್ಯೋತಿರ್ವರ್ಷ ಮಾಡುವುದೂ ಇದನ್ನೇ. ನಡೆಯುವವನು ಬೆಳಕು, ಅಷ್ಟೇ ವ್ಯತ್ಯಾಸ. ಅವನಿಗೆ ಪೀಕ್ ಅವರ್ ಇಲ್ಲ, ಖಾಲಿ ಜಾಗದಲ್ಲಿ ಸೆಕೆಂಡಿಗೆ ಹೆಚ್ಚುಕಮ್ಮಿ 3 ಲಕ್ಷ ಕಿ.ಮೀ. ಅಂದರೆ ಯಾವಾಗಲೂ ಅಷ್ಟೇ. ಚಂದ್ರ ಒಂದು ಸೆಕೆಂಡ್ ಮತ್ತು ಸ್ವಲ್ಪ. ಆದಿತ್ಯ-ಎಲ್1 ಐದು ಸೆಕೆಂಡ್. ಸೂರ್ಯ ಐನೂರು ಸೆಕೆಂಡ್, ಅಂದರೆ ಎಂಟು ನಿಮಿಷದ ಮೇಲೆ ಸ್ವಲ್ಪ. ನೆಪ್ಚೂನ್ ನಾಲ್ಕು ಗಂಟೆ. ಪ್ರಾಕ್ಸಿಮಾ ನಾಲ್ಕು ವರ್ಷ ಮೂರು ತಿಂಗಳು. ಟ್ರಾಪಿಸ್ಟ್ ನಲವತ್ತು ವರ್ಷ: ಇವತ್ತು ಅಲ್ಲಿಂದ ಬಂದ ಬೆಳಕು ಹೊರಟಾಗ ನಾನಿನ್ನೂ ಹುಟ್ಟಿರಲಿಲ್ಲ. ಐದು ಸೆಕೆಂಡ್ ಎಲ್ಲಿ, ಐನೂರು ಸೆಕೆಂಡ್ ಎಲ್ಲಿ ಅನ್ನೋದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತೆ. ಇಷ್ಟು ಸಲೀಸಾದ ಅಳತೆಯನ್ನು ಕಿತ್ತುಹಾಕಿ ಹದಿನಾಲ್ಕು ಸೊನ್ನೆಗೆ 'ಜನರಿಗೆ ಅರ್ಥವಾಗುವ ಹಾಗೆ' ಬದಲಾಯಿಸುತ್ತಾರೆ.

ಇನ್ನೂ ಒಂದು ವಿಷಯ ಇದೆ. 1983ರಿಂದ ಮೀಟರ್ ಅನ್ನೋದಕ್ಕೆ ವ್ಯಾಖ್ಯೆಯೇ ಬೆಳಕು: ಬೆಳಕು ನಿರ್ವಾತದಲ್ಲಿ ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಹೋಗುವಷ್ಟು ದೂರವೇ ಒಂದು ಮೀಟರ್. ಅಂದರೆ ಕಿಲೋಮೀಟರೇ ಬೆಳಕಿನ ಮನೆಯಲ್ಲಿ ಬಾಡಿಗೆಗಿದೆ. ಓನರನ್ನು ಪರಿಚಯಿಸಲು ಬಾಡಿಗೆಯವರನ್ನು ಕರೆಸುತ್ತಿದ್ದೇವೆ.

ಜ್ಯೋತಿರ್ವರ್ಷ ಅನ್ನೋ ಹೆಸರಿನಲ್ಲೇ 'ವರ್ಷ' ಇರೋದರಿಂದ ಜನ ಅದನ್ನು ಕಾಲ ಅಂದುಕೊಳ್ಳುತ್ತಾರೆ, ಅದಕ್ಕೇ ಕಿಲೋಮೀಟರ್ ಕೊಡ್ತೀವಿ ಅನ್ನೋದು ಇನ್ನೊಂದು ಸಮಜಾಯಿಷಿ. ಗೊಂದಲ ಆಗುತ್ತೆ ನಿಜ. ಹಾಲಿವುಡ್ಡಿನವರಿಗೇ ಆಗಿದೆ. 1977ರ ಸ್ಟಾರ್ ವಾರ್ಸ್‌ನಲ್ಲಿ ಹಾನ್ ಸೋಲೋ ತನ್ನ ಹಡಗು ಎಷ್ಟು ಫಾಸ್ಟು ಅಂತ ಕೊಚ್ಚಿಕೊಳ್ಳಲು ಪಾರ್ಸೆಕ್ ಲೆಕ್ಕ ಹೇಳುತ್ತಾನೆ. ಪಾರ್ಸೆಕ್ ಅಂದರೆ ದೂರ, 3.26 ಜ್ಯೋತಿರ್ವರ್ಷ. 2018ರಲ್ಲಿ ಅವನದೇ ಕತೆಯ ಸಿನಿಮಾ ಮಾಡಿ, 'ಅವನು ಶಾರ್ಟ್‌ಕಟ್ಟಲ್ಲಿ ಹೋಗಿದ್ದ' ಅಂತ ತೇಪೆ ಹಾಕಿದರು. ನಲವತ್ತು ವರ್ಷ ಓಪನ್ ಇದ್ದ ಬಗ್ ಅನ್ನು ಫೀಚರ್ ಅಂತ ಕ್ಲೋಸ್ ಮಾಡಿದ ಹಾಗೆ. ಇರಲಿ. ಗೊಂದಲಕ್ಕೆ ಮದ್ದು 'ಬೆಳಕು ಒಂದು ವರ್ಷದಲ್ಲಿ ನಡೆಯುವ ದಾರಿ' ಅನ್ನೋ ಐದಾರು ಪದ. ಬ್ರಾಕೆಟ್ಟಿನಲ್ಲಿ ಅದಕ್ಕೆ ಬೇಕಾದಷ್ಟು ಜಾಗ ಇದೆ.

ಇಲ್ಲಿಯ ತನಕ ಹೇಳಿದ್ದು ಪೆದ್ದುತನದ ಪರಿವರ್ತನೆ. ಇದಕ್ಕಿಂತ ಜಾಣ ಪರಿವರ್ತನೆಯೂ ಇದೆ. ಹಬ್ಬದ ಮರುದಿನ ಬೆಳಿಗ್ಗೆ ಅಪ್ಪನ ಮೊಬೈಲಿಗೆ ಅದು ಬಂತು. ನಿಮಗೂ ಬಂದಿರುತ್ತೆ. ಹನುಮಾನ್ ಚಾಲೀಸಾದಲ್ಲಿ ಸೂರ್ಯನ ದೂರವನ್ನು ಆಗಲೇ ಹೇಳಿಬಿಟ್ಟಿದ್ದಾರೆ ಅನ್ನೋ ಲೆಕ್ಕ. ಯುಗ ಅಂದರೆ 12,000, ಸಹಸ್ರ ಅಂದರೆ 1,000, ಯೋಜನ ಅಂದರೆ 8 ಮೈಲಿ. ಗುಣಿಸಿ, ಮೈಲಿಗೆ 1.6 ಹಾಕಿದರೆ 15.36 ಕೋಟಿ ಕಿಲೋಮೀಟರ್. ನಾಸಾ ಹೇಳೋದೂ ಹೆಚ್ಚುಕಮ್ಮಿ ಅಷ್ಟೇ. ಕೈಮುಗಿಯುವ ಎಮೋಜಿ, ಆರು.

ಚಾಲೀಸಾ ಹೇಳಿಕೊಳ್ಳುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ನಮ್ಮಮ್ಮ ದಿನಾ ಹೇಳಿಕೊಳ್ಳುತ್ತಾರೆ. ತಕರಾರು ಲೆಕ್ಕದ ಮೇಲೆ. ಯುಗ ಅನ್ನೋದು ಕಾಲದ ಮಾತು. ಅದರ ವರ್ಷಗಳನ್ನು ತೆಗೆದು ಬರೀ ಅಂಕಿ ಉಳಿಸಿಕೊಂಡು ಯೋಜನಕ್ಕೆ ಗುಣಿಸಿದ್ದಾರೆ. ಯೋಜನಕ್ಕೆ ಎಂಟು ಮೈಲಿ ಅಂತ ಯಾರು ಹೇಳಿದರು? ಉತ್ತರವನ್ನು ಮುಂದಿಟ್ಟುಕೊಂಡು ಅದಕ್ಕೆ ಒಪ್ಪುವ ರೇಟು ಆರಿಸಿಕೊಂಡಿದ್ದಾರೆ. ಟೆಸ್ಟ್ ಪಾಸ್ ಆಗಲಿ ಅಂತ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂವನ್ನೇ ಹಾರ್ಡ್‌ಕೋಡ್ ಮಾಡೋದು ಅಂತ ನಾವು ಇದಕ್ಕೇ ಅನ್ನೋದು.

ಯೋಜನದಲ್ಲಿ ನಿಜವಾಗಿಯೂ ಆಕಾಶ ಅಳೆದವರು ನಮ್ಮಲ್ಲಿ ಇದ್ದರಲ್ಲ, ಹೊಟ್ಟೆ ಉರಿಯೋದು ಅದಕ್ಕೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಭೂಮಿಯ ವ್ಯಾಸ 1,050 ಯೋಜನ. ಸೂರ್ಯಸಿದ್ಧಾಂತದಲ್ಲಿ 1,600 ಯೋಜನ. ಭೂಮಿ ಒಂದೇ, 12,742 ಕಿ.ಮೀ. ಹಾಗಾದರೆ ಆರ್ಯಭಟನ ಯೋಜನ ಸುಮಾರು 12 ಕಿ.ಮೀ., ಸೂರ್ಯಸಿದ್ಧಾಂತದ್ದು ಸುಮಾರು 8 ಕಿ.ಮೀ. ಒಂದೇ ಹೆಸರು, ಎರಡು ಅಳತೆ. ನಮ್ಮೂರ ಕಡೆ ಸೇರು ಊರೂರಿಗೆ ಬದಲಾಗುತ್ತಿತ್ತಂತೆ, ಹಾಗೆ. ಈಗ ಚಂದ್ರನ ದೂರ ನೋಡಿ. ಆರ್ಯಭಟ ಚಂದ್ರನ ಕಕ್ಷೆಯ ಸುತ್ತಳತೆಯನ್ನು 2,16,000 ಯೋಜನ ಅಂದ. ಸೂರ್ಯಸಿದ್ಧಾಂತ 3,24,000 ಅಂದಿತು. ನೋಡೋಕೆ ಭಾರಿ ವ್ಯತ್ಯಾಸ. ಆದರೆ ಅವರವರ ಭೂಮಿಯಿಂದಲೇ ಅಳೆಯಿರಿ: ಮೊದಲನೆಯದರಲ್ಲಿ ಚಂದ್ರ ಇರೋದು ಭೂಮಿಯ ತ್ರಿಜ್ಯದ 65 ಪಟ್ಟು ದೂರದಲ್ಲಿ, ಎರಡನೆಯದರಲ್ಲೂ 64-65 ಪಟ್ಟು. ನಿಜವಾದದ್ದು 60. ದೂರದರ್ಶಕ ಇಲ್ಲದ ಕಾಲದಲ್ಲಿ ಶೇ. 10ರೊಳಗಿನ ತಪ್ಪು! ಇದನ್ನು ನೋಡಲು ಕಿಲೋಮೀಟರ್ ಬೇಕಾಗಲೇ ಇಲ್ಲ, ಗಮನಿಸಿದಿರಾ? ಕಾಲ ಕೆಳಗಿನ ಭೂಮಿಯೇ ಸ್ಕೇಲು.

ಸೂರ್ಯನ ವಿಷಯದಲ್ಲಿ ಇಬ್ಬರೂ ತಪ್ಪಿದರು. ಆಕಾಶದಲ್ಲಿ ಎಲ್ಲರೂ ದಿನಕ್ಕೆ ಅಷ್ಟೇ ಯೋಜನ ನಡೆಯುತ್ತಾರೆ ಅನ್ನೋದು ಅವರ ಊಹೆ. ಸೂರ್ಯ ಒಂದು ಸುತ್ತಿಗೆ ಚಂದ್ರನಿಗಿಂತ 13 ಪಟ್ಟು ಹೆಚ್ಚು ದಿನ ತಗೊಳ್ಳುತ್ತಾನೆ, ಹಾಗಾಗಿ 13 ಪಟ್ಟು ದೂರದಲ್ಲಿದ್ದಾನೆ ಅಂತ ಲೆಕ್ಕ. ಬಂದದ್ದು ಈಗಿನ ಕಿಲೋಮೀಟರಿನಲ್ಲಿ 55 ಲಕ್ಷ, ನಿಜಕ್ಕಿಂತ ಸುಮಾರು 27 ಪಟ್ಟು ಕಡಿಮೆ. ಅದು ಕಾರಣ ಇರುವ ತಪ್ಪು, ತಿದ್ದಬಹುದಾದ ತಪ್ಪು. ಫಾರ್ವರ್ಡಿನಲ್ಲಿರೋದು ಕಾರಣವೇ ಇಲ್ಲದ ಸರಿ. ಯೋಜನವನ್ನು ದಿನನಿತ್ಯ ಬಳಸುತ್ತಿದ್ದ ಗಣಿತಜ್ಞರು ಸೂರ್ಯ ನಾಲ್ಕೂವರೆ ಲಕ್ಷ ಯೋಜನ, ಆರು ಮುಕ್ಕಾಲು ಲಕ್ಷ ಯೋಜನ ಅಂತ ಬರೆದಿಟ್ಟಿರುವಾಗ, ಒಂದು ಕೋಟಿ ಇಪ್ಪತ್ತು ಲಕ್ಷ ಯೋಜನ ಅಂತ ನಾವು ಮೊಬೈಲಿನಲ್ಲಿ ಹಂಚಿ ಹೆಮ್ಮೆ ಪಡುತ್ತಿದ್ದೇವೆ. ಆರ್ಯಭಟನ ಚಂದ್ರನ ಲೆಕ್ಕ ಮಾತ್ರ ಯಾರ ಗ್ರೂಪಿನಲ್ಲೂ ಬಂದಿಲ್ಲ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಬೇಜಾರಾಯ್ತು ಅಂತ ಕಾಣುತ್ತೆ. "ಹಂಗಾದ್ರೆ ನೀನೇ ಒಂದು ಅಳತೆ ಹೇಳು ನೋಡಾನ" ಅಂದರು. ಆಗ ನೆನಪಾಯಿತು. ಸೂರ್ಯನಿಂದ ಭೂಮಿಗೆ ಇರುವ ಸರಾಸರಿ ದೂರಕ್ಕೆ ಖಗೋಳಮಾನ ಅಂತ ಹೆಸರು. 2012ರಲ್ಲಿ ಅದನ್ನು ಕರಾರುವಾಕ್ಕಾಗಿ 14,95,97,870.7 ಕಿ.ಮೀ. ಅಂತ ಗೊತ್ತುಮಾಡಿದರು. ಒಂದು ಜ್ಯೋತಿರ್ವರ್ಷಕ್ಕೆ ಇಂಥವು 63,241. ಒಂದು ಮೈಲಿಗೆ ಇಂಚು 63,360. ಬರೀ ಕಾಕತಾಳೀಯ, ಆದರೆ ಎಂಥ ಚೆಂದದ ಕಾಕತಾಳೀಯ! ರಾಬರ್ಟ್ ಬರ್ನ್‌ಹ್ಯಾಮ್ ಎಂಬ ಅಮೆರಿಕದ ಲೇಖಕ ತನ್ನ ಸೆಲೆಸ್ಟಿಯಲ್ ಹ್ಯಾಂಡ್‌ಬುಕ್‌ನಲ್ಲಿ ಇದನ್ನು ಬಳಸಿಕೊಂಡಿದ್ದಾನೆ. ಸೂರ್ಯನಿಂದ ಭೂಮಿ ಒಂದು ಇಂಚು ಅಂದರೆ, ಒಂದು ಜ್ಯೋತಿರ್ವರ್ಷ ಒಂದು ಮೈಲಿ. ಫಾರ್ವರ್ಡಿನ ಲೆಕ್ಕವೂ ಕಾಕತಾಳೀಯ ತಾನೇ ಅಂತ ಕೇಳಬಹುದು. ಇದನ್ನು ಬಳಸುವವರು ಕಾಕತಾಳೀಯ ಅಂತ ಹೇಳಿಯೇ ಬಳಸುತ್ತಾರೆ.

ಇಂಚು, ಮೈಲಿ ಅಪ್ಪನಿಗೆ ಬಾಯಿಪಾಠ. ಮನೆ ಕಟ್ಟಿಸುವಾಗ ತಂದ ಟೇಪು ಗೂಡಿನಲ್ಲಿತ್ತು. ಹೊಸ್ತಿಲ ಮೇಲೆ ಪೆನ್ಸಿಲ್ಲಿನ ಮೊನೆಯಿಂದ ಒಂದು ಚುಕ್ಕಿ ಇಟ್ಟೆವು: ಸೂರ್ಯ. ಅದೂ ದೊಡ್ಡದೇ ಆಯ್ತು. ಒಂದು ಇಂಚಿಗೆ ಭೂಮಿ. ಅದನ್ನು ತೋರಿಸೋ ಚುಕ್ಕಿ ಇಡೋಕೆ ಯಾವ ಪೆನ್ಸಿಲ್ಲಿಗೂ ಆಗಲ್ಲ. ಆದಿತ್ಯ-ಎಲ್1 ಅಲ್ಲಿಂದ ಒಂದು ಇಂಚಿನ ನೂರನೇ ಒಂದು ಭಾಗ ಈಚೆಗೆ, ಮೂರ್ನಾಲ್ಕು ಕೂದಲೆಳೆ ಜೋಡಿಸಿಟ್ಟಷ್ಟು. ಗುರು ಐದು ಇಂಚಿನ ಮೇಲೆ, ಶನಿ ಒಂಬತ್ತೂವರೆ. ನೆಪ್ಚೂನ್ ಮೂವತ್ತು ಇಂಚು, ಒಂದೂವರೆ ಮೊಳ ದಾಟಿ. 1977ರಲ್ಲಿ ಹಾರಿಸಿದ, ಮನುಷ್ಯ ಮಾಡಿದ್ದರಲ್ಲಿ ಅತ್ಯಂತ ದೂರ ಹೋಗಿರುವ ವಾಯೇಜರ್-1 ಆಗ ಹದಿಮೂರೂವರೆ ಅಡಿಯಲ್ಲಿತ್ತು. ಟೇಪು ಎಳೆದುಕೊಂಡು ಅಂಗಳಕ್ಕೆ ಇಳಿದು, ತುಳಸಿ ಕಟ್ಟೆಯ ಈಚೆಗೆ ಒಂದು ಕಲ್ಲು ಇಟ್ಟೆ.

"ಆ ಹತ್ತಿರದ ನಕ್ಷತ್ರ ಎಲ್ಲಿ?"

"ನಾಲ್ಕೂಕಾಲು ಮೈಲಿ."

ಅಪ್ಪ ರಸ್ತೆ ಕಡೆ ನೋಡಿದರು. ಸಂತೆ ನಡೆಯೋ ಊರು ನಾಲ್ಕು ಮೈಲಿ. "ಅಂದ್ರೆ ಒಂದು ಹರದಾರಿ ದಾಟಿ, ಸಂತೆಮಾಳ ದಾಟಿ, ಕೆರೆ ಏರಿ ಹತ್ರ. ಅಲ್ಲಿತನಕ ಮಧ್ಯ ಏನೂ ಇಲ್ವಾ?"

"ಹೆಚ್ಚುಕಮ್ಮಿ ಏನೂ ಇಲ್ಲ. ಇದೇ ವೇಗದಲ್ಲಿ ಹೋದರೆ ಅಷ್ಟು ದೂರಕ್ಕೆ 70 ಸಾವಿರ ವರ್ಷಕ್ಕೂ ಮೇಲೆ ಬೇಕು."

ಈ ಅಳತೆಯೂ ಎಲ್ಲದಕ್ಕೂ ಆಗಿಬರೋದಿಲ್ಲ ಅಂತ ಹೇಳಬೇಕು. ನಮ್ಮ ಆಕಾಶಗಂಗೆಯ ಅಗಲ ಸುಮಾರು ಒಂದು ಲಕ್ಷ ಮೈಲಿ ಆಗುತ್ತೆ, ಅಂದರೆ ಭೂಮಿಯನ್ನು ನಾಲ್ಕು ಸಲ ಸುತ್ತಿ ಬಂದಷ್ಟು. ಆಂಡ್ರೊಮಿಡಾ 25 ಲಕ್ಷ ಮೈಲಿ. ನಿಜವಾದ ಚಂದ್ರನಿಗಿಂತ ಹತ್ತು ಪಟ್ಟು ಆಚೆ. ಅಲ್ಲಿಗೆ ನಮ್ಮ ಟೇಪೂ ಆಕಾಶಕ್ಕೆ ಹೋಯ್ತು, ಮತ್ತೆ ಬೇರೆ ಸ್ಕೇಲು ಹುಡುಕಬೇಕು. ಅಷ್ಟು ಹೊತ್ತಿಗೆ ಒಳಗಿಂದ ಅಮ್ಮ ತಿಂಡಿಗೆ ಎರಡು ಸಲ ಕೂಗಿಯಾಗಿತ್ತು.

ಅಪ್ಪ ಕಲ್ಲಿನ ತನಕ ನಡೆದು ಹೋಗಿ, ಹೊಸ್ತಿಲ ಕಡೆ ತಿರುಗಿ ನೋಡಿದರು. ಚುಕ್ಕಿ ಅಲ್ಲಿಂದ ಕಾಣುತ್ತಿರಲಿಲ್ಲ.

"ಹಂಗಾದ್ರೆ ನಲವತ್ತಾರು ವರ್ಷ ಓಡಿದ್ದು ಇನ್ನೂ ನಮ್ಮ ಅಂಗಳನೇ ದಾಟಿಲ್ಲ ಅನ್ನು. ಪೇಪರ್‌ನೋರು ಮೊನ್ನೆ ಹೋಗಿದ್ದನ್ನ ಸೂರ್ಯನ ಅಂಗಳಕ್ಕೆ ಇಳಿಸಿಬುಟ್ಟವ್ರೆ."

ಟೇಪು ಸುತ್ತಿ ಗೂಡಿನಲ್ಲಿಟ್ಟು ಕೈತೊಳೆಯಲು ಹೋದರು. ಕಲ್ಲು ತೆಗೆಯಲಿಲ್ಲ.